ಹಳಿಯವರೆಗಿನ ಒಪ್ಪಂದ

ಮಾದರಿ ರೈಲುಗಳ ವಿಷಯ ಮಾತನಾಡಲು ಕನ್ನಡ ಮೇಷ್ಟ್ರೊಬ್ಬನಿಗೆ ಏನು ಅಧಿಕಾರವೆಂದು ಶ್ರೋತೃಗಳು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರ ಪರಿಚಯವಾಯಿತು. ಅವರ ನೆಲಮಾಳಿಗೆಯ ತುಂಬ ಹಳಿಗಳು, ನಿಲ್ದಾಣಗಳು, ನಿಜವಾದ ರೈಲಿನ 87ನೆಯ ಒಂದು ಪಾಲಿನಷ್ಟು ಅಳತೆಯ ಎಂಜಿನ್ನುಗಳು. ಜೊತೆಗೂಡಿ ರೈಲು ಓಡಿಸುತ್ತಿದ್ದ ಗೆಳೆಯರೊಬ್ಬರು ತೀರಿಕೊಂಡಿದ್ದರು. ಅವರ ಪತ್ನಿ ಗಂಡನ ಎಂಜಿನ್ನುಗಳನ್ನೂ ನಿಯಂತ್ರಣದ ಸಲಕರಣೆಯನ್ನೂ ಪೆಟ್ಟಿಗೆಯಲ್ಲಿ ತುಂಬಿ ಇವರಿಗೆ ಕೊಟ್ಟಿದ್ದರು. ಆ ಸಲಕರಣೆ ಒಂದು ಕಂಪನಿಯದು, ಇವರದು ಇನ್ನೊಂದರದು. ಎರಡೂ ಕೂಡಿ ಬಾಳುವುವೆ? ಆ ಹಿರಿಯರ ಚಿಂತೆ ಇದಾಗಿತ್ತು.

ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಟ್ಟ ವಿದ್ಯುತ್ತಿನ ಒತ್ತಡಕ್ಕೆ ತಕ್ಕಂತೆ ಎಂಜಿನ್ನಿನ ವೇಗ. ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಇಟ್ಟರೆ ಎರಡೂ ಓಡುತ್ತಿದ್ದುವು. ಡಿಜಿಟಲ್ ಪದ್ಧತಿಯಲ್ಲಾದರೋ ಹಳಿಯಲ್ಲಿ ಪೂರ್ಣ ವಿದ್ಯುತ್ತು ಸದಾ ಇರುತ್ತದೆ; ಅಪ್ಪಣೆಗಳೂ ಅದರಲ್ಲಿಯೇ ಸಾಗುತ್ತವೆ. ವಿದ್ಯುತ್ತಿನ ದಿಕ್ಕು 58 ಮೈಕ್ರೊಸೆಕೆಂಡಿಗೊಮ್ಮೆ ಬದಲಾದರೆ ಅದು ‘ಒಂದು’; 100 ಮೈಕ್ರೊಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತು ಬದಲಾದರೆ ‘ಸೊನ್ನೆ’. ಲಘು ಗುರುಗಳೆರಡರಿಂದ ಛಂದಸ್ಸು ಹುಟ್ಟುವಂತೆ ಇವೆರಡರಿಂದ ಅಪ್ಪಣೆ ಹುಟ್ಟುತ್ತದೆ. ಎಂಜಿನ್ನಿನ ಒಳಗಿರುವ ಡಿಕೋಡರು ತನ್ನ ಸಂಖ್ಯೆಯನ್ನು ಹೊತ್ತು ಬಂದ ಅಪ್ಪಣೆಗೆ ಮಾತ್ರ ಓಗೊಡುತ್ತದೆ.

ಈ ಲಯ ಎಲ್ಲ ಕಂಪನಿಗಳಿಗೂ ಒಂದೇ ಆಗಿರಬೇಕೆಂದು 1935ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ 1990ರ ದಶಕದಲ್ಲಿ ನಿಯಮ ಮಾಡಿತು. ಜರ್ಮನಿಯ ಲೆನ್ಸ್ ಕಂಪನಿ ರೂಪಿಸಿದ್ದ ಪದ್ಧತಿಯೇ ಇದಕ್ಕೆ ಆಧಾರ. ಡಿಸಿಸಿ ಎಂದು ಇದಕ್ಕೆ ಹೆಸರು. ಆದರೆ ನಿಯಮ ಬಿಗಿಯಾಗಿರುವುದು ಹಳಿಯ ಮೇಲಿನ ಮಾತಿಗೆ. ಕೈಯಲ್ಲಿ ಹಿಡಿಯುವ ಥ್ರಾಟಲಿನಿಂದ ಕಮಾಂಡ್ ಸ್ಟೇಷನ್ ಎಂಬ ಮುಖ್ಯ ಯಂತ್ರದವರೆಗಿನ ತಂತಿಯಲ್ಲಿ ಒಬ್ಬೊಬ್ಬರದು ಒಂದೊಂದು ನುಡಿ. ಡಿಜಿಟ್ರಾಕ್ಸ್‌ನವರದು ಲೋಕೊನೆಟ್, ಲೆನ್ಸ್‌ನವರದು ಎಕ್ಸ್‌ಪ್ರೆಸ್‌ನೆಟ್. ಧಾರವಾಡ, ಮಂಗಳೂರು, ಮೈಸೂರಿನವರು ಮನೆಯಲ್ಲಿ ತಂತಮ್ಮ ಕನ್ನಡವನ್ನಾಡಿ ಬರವಣಿಗೆಯಲ್ಲಿ ಒಂದಾಗುವಂತೆ ಇದು.

ಆದುದರಿಂದ ಆ ಹಿರಿಯರ ಪ್ರಶ್ನೆಗೆ ಒಂದೇ ಉತ್ತರವಿರಲಿಲ್ಲ. ಡಿಸಿಸಿಯ ಡಿಕೋಡರುಳ್ಳ ಎಂಜಿನ್ನು ಯಾವ ಕಂಪನಿಯದಾದರೂ ಓಡುತ್ತದೆ. ವೇಗ, ದಿಕ್ಕು, ದೀಪಗಳ ಮಟ್ಟಿಗೆ ತಕರಾರಿಲ್ಲ. ಥ್ರಾಟಲು ಸಾಮಾನ್ಯವಾಗಿ ಬೇರೆ ಮನೆಯ ನುಡಿಯನ್ನು ಅರಿಯದು. ಹಳಿಗೆ ಶಕ್ತಿ ತುಂಬುವ ಬೂಸ್ಟರನ್ನು ಬೆರೆಸಬಹುದು, ಎಚ್ಚರಿಕೆಯಿಂದ. ಅದರ ಹಳಿಭಾಗವನ್ನು ನಡುವೆ ಸೀಳು ಬಿಟ್ಟು ಬೇರ್ಪಡಿಸಬೇಕು. ಎರಡು ಭಾಗಗಳ ಒತ್ತಡ ಸಮವಾಗಿರಬೇಕು, ದಿಕ್ಕು ಹೊಂದಬೇಕು. ಹೊಂದದಿದ್ದರೆ ಎಂಜಿನ್ನಿನ ಚಕ್ರ ಸೀಳನ್ನು ದಾಟುವಾಗ ಶಾರ್ಟ್ ಸರ್ಕ್ಯೂಟು ಆಗುತ್ತದೆ. ಇನ್ನು ಎರಡು ಕಮಾಂಡ್ ಸ್ಟೇಷನ್ನುಗಳನ್ನು ಒಂದೇ ಹಳಿಗೆ ಸೇರಿಸುವುದಂತೂ ಸಲ್ಲದು. ಒಂದೇ ರಾಜ್ಯಕ್ಕೆ ಇಬ್ಬರು ಅರಸರಂತೆ ಅವು ಕಾದಾಡಿ ಸುಟ್ಟುಹೋಗಬಹುದು.

ಎಲ್ಲವೂ ಒಂದಾಗಬೇಕಿತ್ತೆಂದು ನನಗೆ ಮೊದಲು ಅನ್ನಿಸಿತು. ಈಗ ಹಾಗೆನ್ನಿಸುವುದಿಲ್ಲ. ಎಲ್ಲವನ್ನೂ ಕಟ್ಟಿಹಾಕಿದ್ದರೆ ಹೊಸ ಥ್ರಾಟಲನ್ನು ಯೋಚಿಸುವ ಸ್ವಾತಂತ್ರ್ಯ ಯಾರಿಗೂ ಉಳಿಯುತ್ತಿರಲಿಲ್ಲ; ಏನನ್ನೂ ಕಟ್ಟದೆ ಬಿಟ್ಟಿದ್ದರೆ ಸತ್ತವರ ಎಂಜಿನ್ನುಗಳು ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದುವು.

ಒಂದು ಸಂಜೆ ಆ ಹಿರಿಯರು ಗೆಳೆಯರ ಎಂಜಿನ್ನೊಂದನ್ನು ತಮ್ಮ ಹಳಿಯ ಮೇಲಿಟ್ಟು, ತಮ್ಮ ಥ್ರಾಟಲಿನಲ್ಲಿ ಅದರ ಸಂಖ್ಯೆಯನ್ನು ಒತ್ತಿದರು. ದೀಪ ಹೊತ್ತಿಕೊಂಡಿತು, ಎಂಜಿನ್ನು ಮೆಲ್ಲಗೆ ಕದಲಿತು. ಗೆಳೆಯರ ಥ್ರಾಟಲು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಬೇಕೆಂದರೆ ಎಂಜಿನ್ನಿನ ಸಂಖ್ಯೆಯನ್ನು ಬದಲಿಸಿಕೊಳ್ಳಬಹುದಿತ್ತು. ಅವರು ಬದಲಿಸಲಿಲ್ಲ; ಗೆಳೆಯರು ಕೊಟ್ಟ ಸಂಖ್ಯೆಯಿಂದಲೇ ಅದನ್ನು ಕರೆಯುತ್ತಾರೆ.