ನೀಲಿ ಮುಚ್ಚಳದ ಟ್ಯೂಬು

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಪುಟ್ಟ ಲ್ಯಾಬು. ಮುಂಜಾನೆ ಎಂಟಕ್ಕೇ ಬೆಂಚು ತುಂಬಿದೆ. ರೋಣದ ಬಸ್ಸಿಳಿದ ಮುದುಕಿ ಶುಗರ್ ನೋಡಿಸಲು ಬಂದಿದ್ದಾಳೆ, ಪಕ್ಕದಲ್ಲಿ ಚೊಚ್ಚಲ ಬಸುರಿ. ಮೂಲೆಯಲ್ಲಿ ಕುಳಿತವನದು ಬ್ಯಾಟರಿ ರಿಪೇರಿ ಕೆಲಸ. ಅಂಗೈ ಗೆರೆಗಳಲ್ಲಿ ಕಪ್ಪು ಕೂತುಬಿಟ್ಟಿದೆ, ಅಂಗಿಯ ಅಂಚಿನಲ್ಲಿ ಆಸಿಡ್ ತಿಂದ ತೂತುಗಳು. ಹೊಟ್ಟೆ ನುಲಿಯುತ್ತದೆ, ಮಲ ಕಟ್ಟುತ್ತದೆ, ಮೈಯಲ್ಲಿ ತ್ರಾಣವಿಲ್ಲ. ತಿಂಗಳುಗಟ್ಟಲೆ ಗ್ಯಾಸಿನ ಗುಳಿಗೆ ನುಂಗಿದ್ದಾಯಿತು. ಕಡೆಗೊಬ್ಬ ಡಾಕ್ಟರು, "ಏನ್ ಕೆಲಸ ಮಾಡ್ತಿಯೋ ತಮ್ಮಾ?" ಎಂದು ಕೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸು ಎಂದು ಚೀಟಿ ಬರೆದುಕೊಟ್ಟರು.

"ಮೊಣಕೈತನಾ ಸಾಬಾಣ ಹಚ್ಚಿ ತೊಳಕೊಂಡ ಬರ್ರಿ ಅಣ್ಣಾರ" ಎಂದಳು ಲ್ಯಾಬಿನ ಹುಡುಗಿ.

"ಜಳಕಾ ಮಾಡೇ ಬಂದೀನಿ ತಂಗಿ."

"ಆದ್ರೂ ತೊಳಕೋರಿ."

ಅವಳ ಹಟ ಸರಿಯಾದದ್ದೇ. ಇಲ್ಲಿ ಅಳೆಯುವುದು ಮೈಕ್ರೋಗ್ರಾಮಿನಲ್ಲಿ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಚರ್ಮದ ಮೇಲಿನ ಧೂಳಿನ ಕಣ ಸೂಜಿಯೊಂದಿಗೆ ಒಳಹೊಕ್ಕರೂ ಲೆಕ್ಕ ಕೆಡುತ್ತದೆ. ಟ್ಯೂಬೂ ಬೇರೆಯದೇ: ಲೋಹದ ಸೋಂಕಿಲ್ಲದಂತೆ ತಯಾರಿಸಿದ, ಕಡುನೀಲಿ ಮುಚ್ಚಳದ್ದು. ರಕ್ತ ತುಂಬಿದ ಮೇಲೆ ಅವಳು ಅದನ್ನು ತೊಟ್ಟಿಲು ತೂಗಿದ ಹಾಗೆ ಎಂಟು ಹತ್ತು ಸಲ ಮೆಲ್ಲಗೆ ಮಗುಚಿದಳು. ಸೀಸ ಅಡಗಿ ಕೂರುವುದು ಕೆಂಪು ಕಣಗಳಲ್ಲಿ, ಹಾಗಾಗಿ ರಕ್ತ ಹೆಪ್ಪುಗಟ್ಟಬಾರದು. ಮುಂದಿನ ಕೆಲಸ ದೊಡ್ಡ ನಗರದ ಯಂತ್ರದ್ದು. ಸಾವಿರಾರು ಡಿಗ್ರಿ ಕಾದ ಆರ್ಗಾನ್ ಜ್ವಾಲೆಗೆ ತೆಳುಮಾಡಿದ ರಕ್ತವನ್ನು ತುಂತುರಾಗಿ ಬಿಟ್ಟು, ಅದು ಸೀಸದ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುತ್ತದೆ.

ಈ ಎಣಿಕೆಯ ಬೆಲೆಯನ್ನು ದೇಶಕ್ಕೆ ತಿಳಿಸಿಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಮುಖ್ಯರು. 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಮ್ ದಾಟಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಈಗ 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಹುಡುಕಿ ತಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪೆಟ್ರೋಲಿನಿಂದ ಹೋದ ಸೀಸ ಬ್ಯಾಟರಿಯಲ್ಲಿ ಉಳಿದಿದೆ. ನರಗುಂದದ ಗುಡ್ಡ ಹಿಂದೆ ಬಿಟ್ಟು ರೋಣ ಹಾದು ಬರುವ ದಾರಿಯಲ್ಲಿ ಟ್ರ್ಯಾಕ್ಟರಿಗೆ, ಆಟೋಕ್ಕೆ, ಮನೆಯ ಇನ್ವರ್ಟರಿಗೆ, ಎಲ್ಲಕ್ಕೂ ಬ್ಯಾಟರಿ ಬೇಕು. ಅದನ್ನು ಬಿಚ್ಚುವ, ಸೀಸ ಕರಗಿಸುವ ಕೈಗೆ ಗವಸಿಲ್ಲ. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋದವನ ತೊಡೆಯೇರಿ ಮಗು ಕೂರುತ್ತದೆ. ನನ್ನನ್ನು ಕಾಡುವುದು ಆ ಮಗು. ಬೆಳೆಯುವ ಮೈ ಸೀಸವನ್ನು ದೊಡ್ಡವರಿಗಿಂತ ಹೆಚ್ಚು ಹೀರುತ್ತದೆ, ಮಿದುಳಿಗಾದ ಪೆಟ್ಟು ಮಾಯುವುದಿಲ್ಲ. ರಕ್ತದಲ್ಲಿನ ಸೀಸ ತಿಂಗಳೊಂದರಲ್ಲಿ ಸುಮಾರು ಅರ್ಧಕ್ಕಿಳಿದೀತು, ಎಲುಬಿಗೆ ಇಳಿದದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ.

ಹತ್ತಿ ಒತ್ತಿಕೊಂಡ ತೋಳನ್ನು ಮಡಚಿ ಅವನೆದ್ದ. "ಸಣ್ಣ ಹುಡುಗಂದೂ ತಗೀಬೇಕೇನವಾ?"

"ಕರ್ಕೊಂಡ ಬರ್ರಿ, ಡಾಕ್ಟರನ್ನೂ ಕೇಳ್ರಿ."

ಬ್ಯಾಟರಿ, ಬೆಸುಗೆ, ಕಲಾಯಿ, ಹಳೆ ಬಣ್ಣ ಕೆರೆಯುವ ಕೆಲಸದವರೇ, ಡಾಕ್ಟರ ಮುಂದೆ ಹೊಟ್ಟೆನೋವು ಹೇಳುವಾಗ ನಿಮ್ಮ ಕಸುಬನ್ನೂ ಹೇಳಿ. ಕೆಲಸದ ಅಂಗಿಯನ್ನು ಅಂಗಡಿಯಲ್ಲೇ ಕಳಚಿಟ್ಟು, ಕೈಕಾಲು ತೊಳೆದು ಮನೆಗೆ ಹೋಗಿ.