ಮಣ್ಣೇ ಬಣ್ಣವಾದ ಕರಾವಳಿ

ಶರಾವತಿಯನ್ನು ದಾಟಿ ದಕ್ಷಿಣಾಭಿಮುಖವಾಗಿ ಸಾಗುವ ಕೊಂಕಣ ರೈಲಿನ ಹಾದಿಯಲ್ಲಿ ಮಂಕಿ ಒಂದು ಸಣ್ಣ ನಿಲ್ದಾಣ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು, ನಡುವೆ ತೆಂಗಿನ ತೋಟ, ಬತ್ತದ ಗದ್ದೆ, ಚಿರೇಕಲ್ಲಿನ ಕೆಂಪು ದಿಣ್ಣೆ. ನಿಸರ್ಗಚಿತ್ರ ಬರೆಯುವ ಹಂಬಲ ಹೊತ್ತ ತರುಣನಿಗೆ ಇಲ್ಲಿ ವಸ್ತುವಿನ ಬರವಿಲ್ಲ. ಆದರೆ ಇಂದಿನ ಕಲಾಶಾಲೆಯಲ್ಲಿ ಕಲಿತು ಬಂದವನನ್ನು ಮತ್ತೊಂದು ಪ್ರಶ್ನೆ ಕಾಡದಿರದು. ಈ ನೆಲವನ್ನು ಕಾಗದದ ಮೇಲೆ ಮೂಡಿಸಿದರೆ ಸಾಕೇ, ಅಥವಾ ಈ ನೆಲದಿಂದಲೇ ಚಿತ್ರ ಮಾಡಬೇಕೇ?

ಮೊದಲನೆಯ ದಾರಿಯಲ್ಲಿ ನಡೆದ ಹಿರಿಯರಿಗೆ ಕನ್ನಡನಾಡಿನಲ್ಲಿ ಕೊರತೆಯಿಲ್ಲ. ಕೆ. ವೆಂಕಟಪ್ಪನವರು (1886–1965) ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯಯೋಧ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ನಿಂತು ಬರೆದರು. ಮರ ಕಡಿದ ಬೀದಿಗಳಲ್ಲಿ ಓಡಾಡುವವರಿಗೆ ಆ ಚಿತ್ರಗಳು ಈಗ ದಾಖಲೆಯೂ ಹೌದು.

ಎರಡನೆಯ ದಾರಿ ಪಶ್ಚಿಮದಲ್ಲಿ 1960ರ ದಶಕದ ಕೊನೆಗೆ ತೆರೆಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. 1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಹುಲ್ಲಿನ ಮೇಲೆ ಹಿಂದೆ ಮುಂದೆ ನಡೆದು, ಮೂಡಿದ ಗೆರೆಯನ್ನೇ ಕೃತಿಯೆಂದರು. 1970ರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್‌ಸನ್ ಯೂಟಾದ ಉಪ್ಪುಸರೋವರದಲ್ಲಿ ಕಲ್ಲುಮಣ್ಣು ಸುರಿದು 1,500 ಅಡಿ ಉದ್ದದ ಸುರುಳಿ ದಿಬ್ಬವನ್ನು ಕಟ್ಟಿದರು. ಜರ್ಮನಿಯ ಜೋಸೆಫ್ ಬಾಯ್ಸ್ 1982ರಲ್ಲಿ ಕಾಸೆಲ್ ನಗರದಲ್ಲಿ 7,000 ಓಕ್ ಮರಗಳನ್ನು ನೆಡುವ ಕೆಲಸಕ್ಕೆ ಕೈಹಾಕಿದರು. ಕೊನೆಯ ಸಸಿಯನ್ನು ನೆಟ್ಟಾಗ ಅವರು ಬದುಕಿರಲಿಲ್ಲ. ಈ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಹೇಳಬಲ್ಲರು. ತಮ್ಮೂರಿನ ಗುಡಿಯ ಗೋಡೆಯನ್ನು ಯಾರು, ಯಾವುದರಿಂದ ಬರೆದರೆಂದು ಕೇಳಿದರೆ ಮಾತ್ರ ಹಲವರು ತಡವರಿಸುತ್ತಾರೆ.

ಆ ಗೋಡೆಯ ಹೆಸರು ಕಾವಿ ಕಲೆ. ಗೋವೆಯಿಂದ ಉತ್ತರ ಕನ್ನಡದವರೆಗಿನ ದೇವಾಲಯಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಬೆಳೆದುಬಂದ ಈ ಕಲೆಗೆ ಎರಡೇ ಬಣ್ಣ: ಸುಣ್ಣದ ಬಿಳುಪು, ಕೆಮ್ಮಣ್ಣಿನ ಕೆಂಪು. ಎರಡೂ ಕೈಯಳತೆಯಲ್ಲೇ ಸಿಗುವಂಥವು. ಕಡಲ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಿ, ತೊಳೆದ ಹೊಳೆಮರಳು ಮತ್ತು ಬೆಲ್ಲ ಬೆರೆಸಿ, ದಿನಗಟ್ಟಲೆ ಕೊಳೆಯಿಸಿ, ಚೆನ್ನಾಗಿ ಕುಟ್ಟಿ ಗೋಡೆಗೆ ಬಳಿಯುತ್ತಿದ್ದರು. ಅದರ ಮೇಲೆ ಚಿರೇಕಲ್ಲಿನ ನೆಲದ ಕೆಮ್ಮಣ್ಣನ್ನು ಕಲಸಿದ ತೆಳುವಾದ ಪದರ. ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದಲೂ ಕೈವಾರದಿಂದಲೂ ಬೇಡದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳುಪು ಗೆರೆಯಾಗಿ, ಹೂವಾಗಿ, ದೇವತೆಯಾಗಿ ಹೊರಬೀಳುತ್ತದೆ. ಆಮೇಲೆ ಕೆಲವು ದಿನ ನೀರುಣಿಸಬೇಕು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಈ ಚಿತ್ರಗಳು ತಲೆಮಾರುಗಳ ಕಾಲ ಉಳಿದುದರ ಗುಟ್ಟು ಇದೇ. ಒಮ್ಮೆ ಕೆರೆದ ಗೆರೆಯನ್ನು ತಿದ್ದುವಂತಿಲ್ಲವಾದ್ದರಿಂದ ಕೈ ಎಷ್ಟು ಪಳಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಇದನ್ನು ಊರೂರು ಅಲೆದು ದಾಖಲಿಸಿದವರು ಮಂಕಿಗೆ ನೆರೆಯ ಹೊನ್ನಾವರದಲ್ಲೇ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು (1934–2002). ಅಮೆರಿಕದಲ್ಲಿ ಓದಿದ ವಿಜ್ಞಾನಿ, ಛಾಯಾಗ್ರಾಹಕ, ಪರಿಸರದ ಬಗ್ಗೆ ಸೊಗಸಾಗಿ ಬರೆದ ಲೇಖಕ. ಜೀವಜಂತುಗಳನ್ನು ನೋಡುವ ಕಣ್ಣಿನಿಂದಲೇ ಅವರು ಗೋಡೆಗಳನ್ನೂ ನೋಡಿದರು. ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟು, ಎಣ್ಣೆಬಣ್ಣ, ಹೊಳೆಯುವ ಹಾಸುಬಿಲ್ಲೆಗಳು ಬಂದು ಎಷ್ಟೋ ಕಾವಿ ಚಿತ್ರಗಳು ಅಳಿದವು. ಭಕ್ತಿಯಿಂದಲೇ ನಡೆದ ನಾಶವಿದು, ಯಾರನ್ನು ದೂರುವುದು?

ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿದರೆ ಇನ್ನೊಂದು ಪಾಠ ಕಾದಿದೆ. ಅಲ್ಲಿ ಚಿತ್ರ ಬರೆಯುವವರು ದೀವರ ಹೆಂಗಸರು. ಅಕ್ಕಿ ಅರೆದರೆ ಬಿಳಿ, ಅದನ್ನೇ ಹುರಿದು ಕಪ್ಪಾಗಿಸಿದರೆ ಕಪ್ಪು, ಗುರಿಗೆ ಬೀಜದಿಂದ ಹಳದಿ, ಕೆಮ್ಮಣ್ಣಿನಿಂದ ಕೆಂಪು. ಪುಂಡಿ ನಾರೇ ಕುಂಚ. ಹಸೆ ಚಿತ್ತಾರವೆಂದರೆ ಮದುವೆಮನೆಯ ಗೋಡೆ ನೆನಪಾಗುವುದು ಸಹಜ. ಆದರೆ ಆಶ್ವಯುಜದ ಭೂಮಿ ಹುಣ್ಣಿಮೆಗೆ ಅವರು ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿ ಇನ್ನೂ ಸೋಜಿಗದ್ದು. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಚಿತ್ತಾರ ಬರೆದು, ರಾತ್ರಿಯೆಲ್ಲ ಅಟ್ಟ ಅಡಿಗೆಯನ್ನು ಅದರಲ್ಲಿಟ್ಟು ನಸುಕಿನಲ್ಲಿ ಗದ್ದೆಗೆ ಒಯ್ಯುತ್ತಾರೆ. ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಬಸುರಿ ಭೂಮಿಗೆ ಬಯಕೆಯ ಊಟವದು. ಕಾಡುಸೊಪ್ಪುಗಳನ್ನು ಬೇಯಿಸಿದ ಹಚ್ಚಂಬಲಿಯನ್ನು ಹೊಲದ ತುಂಬ ಬೀರುತ್ತಾರೆ. ಸ್ಮಿತ್‌ಸನ್ ಹುಟ್ಟುವುದಕ್ಕೆ ಮುಂಚಿನಿಂದಲೂ ನಡೆದುಬಂದ ಈ ಆಚರಣೆಯನ್ನು ಭೂಕಲೆಯೆಂದು ಯಾರೂ ಕರೆಯಲಿಲ್ಲ. ಅವರಿಗೆ ಅದರ ಗೊಡವೆಯೂ ಇಲ್ಲ.

ಹಳ್ಳಿಯ ಈ ಸಾಮಗ್ರಿ ನಗರದ ಕಲಾಮಂದಿರವನ್ನು ಪ್ರವೇಶಿಸಿದ್ದೂ ಉಂಟು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಎಣ್ಣೆಬಣ್ಣವನ್ನು ಬದಿಗಿಟ್ಟು 1990ರ ದಶಕದ ಆರಂಭದಲ್ಲಿ ಸಗಣಿಯನ್ನೇ ಕೃತಿಯ ವಸ್ತುವನ್ನಾಗಿ ಮಾಡಿಕೊಂಡರು. ಅಂಗಳ ಸಾರಿಸುವ ಹೆಣ್ಣಿನ ದುಡಿಮೆ ಅದರಲ್ಲಿ ಅಡಗಿತ್ತು. 2009ರಲ್ಲಿ ವೆನಿಸ್ಸಿನ ಪ್ರಸಿದ್ಧ ಪ್ರದರ್ಶನದಲ್ಲಿ ಅವರು ಕೂದಲ ಹಗ್ಗಗಳಿಂದ ರಚಿಸಿದ ಕೃತಿಯನ್ನು ಜಗತ್ತು ಕಂಡಿತು.

ಮಂಕಿಯ ನೆಲ ಇಂದು ಬೇರೆಯದೇ ಉಳಿಯ ಹೊಡೆತಕ್ಕೆ ಸಿಕ್ಕಿದೆ. ಉತ್ತರ ಕನ್ನಡದ ಕರಾವಳಿಯುದ್ದಕ್ಕೂ ಚತುಷ್ಪಥ ಹೆದ್ದಾರಿಗಾಗಿ ಗುಡ್ಡಗಳನ್ನು ಕಡಿದಾಗ ಒಳಗಿನ ಕೆಂಪು ಹೊರಬಂದಿತು. 2024ರ ಜುಲೈ 16ರಂದು ಇದೇ ಜಿಲ್ಲೆಯ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದು, ಜನರನ್ನೂ ವಾಹನಗಳನ್ನೂ ಸೆಳೆದುಕೊಂಡು ಗಂಗಾವಳಿಗೆ ಬಿದ್ದಿತು. ನಿಸರ್ಗಚಿತ್ರವನ್ನು ಅಭ್ಯಸಿಸುವವನು ಇಂಥ ಗುಡ್ಡದ ಮುಂದೆ ಹಲಗೆ ಹಿಡಿದು ಕುಳಿತಾಗ ಏನನ್ನು ಬರೆಯುತ್ತಾನೆ, ಏನನ್ನು ಬಿಡುತ್ತಾನೆ ಎಂಬುದು ಈಗ ಬರಿಯ ಅಭಿರುಚಿಯ ಮಾತಾಗಿ ಉಳಿದಿಲ್ಲ.

ಗೋವೆಯಲ್ಲಿ ಸಾಗರ ನಾಯಕ ಮುಳೆ ಎಂಬ ಕಲಾವಿದರು ಕಾವಿಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಮಂಕಿಯ ಕಡೆಯ ತರುಣರು ಅದೇ ದಾರಿ ಹಿಡಿಯುವುದಾದರೆ ಮಣ್ಣಿಗಾಗಿ ದೂರ ಹೋಗಬೇಕಿಲ್ಲ. ಮೊದಲು ಕಲಿಯಬೇಕಾದದ್ದು ಚಿಪ್ಪು ಸುಡುವ ಕೆಲಸ.