ಎಂಜಿನ್ನಿಗೂ ತಲೆಬಿಸಿ!

"ಓದದಿದ್ದರೆ ಗ್ಯಾರೇಜಿಗೆ ಸೇರಿಸಿಬಿಡ್ತೀನಿ, ನೋಡ್ತಿರು!"

ಅಂಕಪಟ್ಟಿ ಮನೆಗೆ ಬಂದ ದಿನ ಎಷ್ಟೋ ಅಪ್ಪಂದಿರ ಬಾಯಿಂದ ಬರುವ ಮಾತಿದು. ತರಗತಿಯಲ್ಲಿ ನಾನೂ ಒಂದೆರಡು ಸಲ ಆಡಿದ್ದುಂಟು. ಈಗ ಆಡುವುದಿಲ್ಲ. ನನ್ನ ಹಳೆಯ ಮಾರುತಿ 800 ಕಾರಿಗೆ ಒಮ್ಮೆ ತಲೆಬಿಸಿಯಾಯಿತು. ಅದನ್ನು ಸರಿಪಡಿಸಿದ ಮೆಕ್ಯಾನಿಕ್‌ನ ಮೇಜಿನ ಮೇಲೆ, ನಾನು ವರ್ಷಗಟ್ಟಲೆ ಕಪ್ಪುಹಲಗೆಯಲ್ಲಿ ಬರೆದ ಪಾಠಗಳೆಲ್ಲ ಒಂದೊಂದಾಗಿ ಎದ್ದು ಬಂದವು.

ಮಂಗಳೂರಿನಲ್ಲಿ ಮದುವೆ ಮುಗಿಸಿ ಹಿಂತಿರುಗುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಮುಂದೆ ಲಾರಿಗಳ ಸಾಲು. ಎರಡನೇ ಗೇರಿನಲ್ಲಿ ತೆವಳುತ್ತಿದ್ದಂತೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಇನ್ನೊಂದೇ ತಿರುವು, ಇನ್ನೊಂದೇ ತಿರುವು ಎನ್ನುತ್ತಾ ಹೋದೆ. ಕೊನೆಗೆ ಬಾನೆಟ್ಟಿನಿಂದ ಹಬೆ ಎದ್ದಾಗಲೇ ನಿಲ್ಲಿಸಿದ್ದು. ಸ್ವಲ್ಪ ಹೊತ್ತು ಕಾದು, ಪಕ್ಕದ ತೊರೆಯ ತಣ್ಣೀರು ತಂದು ರೇಡಿಯೇಟರಿಗೆ ಸುರಿದೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏಕೆ ಒಡೆಯುತ್ತದೆ ಎಂದು ಮಕ್ಕಳನ್ನು ಪ್ರಶ್ನಿಸುವ ಮೇಷ್ಟ್ರು ಮಾಡಿದ ಕೆಲಸವಿದು!

ಮೊದಲು ಹೋದ ಗ್ಯಾರೇಜಿನಲ್ಲಿ "ಗ್ಯಾಸ್ಕೆಟ್ ಹೋಗಿದೆ" ಎಂದು ಹೊಸತು ಹಾಕಿ, ಸಂಜೆಯೊಳಗೆ ಕಾರು ಕೊಟ್ಟರು. ಮೂರು ವಾರ ಓಡಿತು. ಮತ್ತೆ ನೀರು ಕಡಿಮೆಯಾಗತೊಡಗಿತು, ಹೊಗೆ ಕೊಳವೆಯಿಂದ ಬಿಳಿ ಹೊಗೆ, ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಲೇಪ. ಎಣ್ಣೆ ಮತ್ತು ನೀರು ಬೆರೆತಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎರಡನೆಯ ಸಲ ಬೇರೊಬ್ಬ ಮೆಕ್ಯಾನಿಕ್‌ನ ಬಳಿ ಹೋದೆ. ಆತ ಹೇಳಿದ ಮೊದಲ ಮಾತು: "ಬಿಚ್ಚಿ ಅಳೆಯದೆ ನಾನು ಏನೂ ಹೇಳೋದಿಲ್ಲ ಮೇಷ್ಟ್ರೇ."

ತಲೆ ಎಂದರೇನು?

ಎಂಜಿನ್ನಿನ ಸಿಲಿಂಡರ್ ಒಂದು ಪಾತ್ರೆಯಾದರೆ, ಸಿಲಿಂಡರ್ ಹೆಡ್ ಅದರ ಮುಚ್ಚಳ. ಆದರೆ ಬಹಳ ಹೊಣೆ ಹೊತ್ತ ಮುಚ್ಚಳ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಅವುಗಳ ಬಾಗಿಲುಗಳಾದ ವಾಲ್ವುಗಳು, ಕಿಡಿ ಹಾರಿಸುವ ಪ್ಲಗ್ಗು, ತಂಪುನೀರಿನ ಕಾಲುವೆಗಳು ಎಲ್ಲವೂ ಅದರಲ್ಲೇ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ. ಅದರ 796 ಸಿ.ಸಿ. ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳು. ಕೆಳಗಿನ ಬ್ಲಾಕು ಬೀಡುಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹ. ಎರಡರ ನಡುವೆ ತೆಳುವಾದ ಗ್ಯಾಸ್ಕೆಟ್.

ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಷಿಯಸ್ ದಾಟುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಿದ್ದೂ ಹೆಡ್ಡು ಕರಗದೆ ಉಳಿಯುವುದು ಒಳಗೆ ಹರಿಯುವ ನೀರು ಎಡೆಬಿಡದೆ ಶಾಖವನ್ನು ಹೊತ್ತೊಯ್ಯುವುದರಿಂದ. ನೀರು ನಿಂತರೆ ಅಪಾಯ ಶುರು.

ಈಗೊಂದು ಸಣ್ಣ ಲೆಕ್ಕ ಮಾಡಿ. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿಯ ಉಷ್ಣತೆ 80 ಡಿಗ್ರಿ ಏರಿದರೆ ಅದು ಸುಮಾರು 0.55 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಬೀಡುಕಬ್ಬಿಣ ಬೆಳೆಯುವುದು ಅದರ ಅರ್ಧದಷ್ಟು, ಸುಮಾರು 0.26 ಮಿ.ಮೀ. ಮಾತ್ರ. ಎರಡನ್ನೂ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಸಾಮಾನ್ಯ ಬಿಸಿಯಲ್ಲಿ ಈ ಜಗ್ಗಾಟವನ್ನು ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಮಿತಿಮೀರಿದರೆ ಅಲ್ಯೂಮಿನಿಯಂ ಉದ್ದಕ್ಕೆ ಬೆಳೆಯಲಾರದೆ ಬಿಲ್ಲಿನಂತೆ ಬಾಗುತ್ತದೆ. ತಣ್ಣಗಾದ ಮೇಲೂ ಆ ಬಾಗು ಪೂರ್ತಿ ಹೋಗುವುದಿಲ್ಲ. ಬಾಗಿದ ಮುಚ್ಚಳದ ಕೆಳಗೆ ಎಷ್ಟು ಗ್ಯಾಸ್ಕೆಟ್ ಹಾಕಿದರೇನು?

ಕೂದಲೆಳೆಯ ವ್ಯತ್ಯಾಸ

ಮೆಕ್ಯಾನಿಕ್ ಹೆಡ್ಡನ್ನು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಮರದ ಚಕ್ಕೆಯಿಂದ ಕೆರೆದ. ಉಕ್ಕಿನ ಉಳಿಯಿಂದ ಕೆರೆದರೆ ಮೆದು ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ. ಅಂಥ ಒಂದು ಗೀರೇ ನೀರಿಗೆ ದಾರಿಯಾಗಬಹುದು. ನಂತರ ಹೆಡ್ಡನ್ನು ಮಗುಚಿಟ್ಟು, ಅದರ ಮೇಲೆ ಉಕ್ಕಿನ ನೇರಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಕರ್ಣದಂತೆ ಎರಡು ಸಲ. ಪ್ರತಿ ಸಲವೂ ಪಟ್ಟಿಯ ಕೆಳಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡಿದ.

ಇಂಥ ಹೆಡ್ಡಿಗೆ ಇರುವ ವಿನಾಯಿತಿ 0.05 ಮಿ.ಮೀ. ನಿಮ್ಮ ನೋಟ್ ಪುಸ್ತಕದ ಒಂದು ಹಾಳೆಯ ದಪ್ಪದ ಹೆಚ್ಚುಕಡಿಮೆ ಅರ್ಧ. ನಮ್ಮದರಲ್ಲಿ 0.15ರ ಎಲೆ ನಡುವೆ ಸಲೀಸಾಗಿ ಹೊಕ್ಕಿತು. ಮೊದಲ ಗ್ಯಾರೇಜಿನಲ್ಲಿ ಐದು ನಿಮಿಷದ ಈ ಪರೀಕ್ಷೆ ಮಾಡಿದ್ದರೆ ಒಂದು ಗ್ಯಾಸ್ಕೆಟ್ಟಿನ ಹಣ, ಮೂರು ವಾರದ ಆತಂಕ ಎರಡೂ ಉಳಿಯುತ್ತಿದ್ದವು.

ಆತ ಅಲ್ಲಿಗೇ ನಿಲ್ಲಿಸಲಿಲ್ಲ. ಹೆಡ್ಡು ಕೆಳಗೆ ಬಾಗಿದ್ದರೆ ಮೇಲೂ ಬಾಗಿರಬೇಕಲ್ಲ! ಮೇಲ್ಭಾಗದ ರಂಧ್ರಗಳಲ್ಲಿ ಕ್ಯಾಮ್ ಶಾಫ್ಟ್ ಕೂತಿರುತ್ತದೆ. ಅದನ್ನು ಕೈಯಿಂದ ತಿರುಗಿಸಿ ನೋಡಿದ. ಎಲ್ಲೂ ಹಿಡಿಯದೆ ತಿರುಗಿತು. ಹಿಡಿದಿದ್ದರೆ ಕೆಳಗಿನ ಮೈಯನ್ನು ಎಷ್ಟು ಸಪಾಟು ಮಾಡಿದರೂ ಪ್ರಯೋಜನವಿರಲಿಲ್ಲ.

ಬಿರುಕು ಇದೆಯೇ?

ಎಲ್ಲಕ್ಕಿಂತ ದೊಡ್ಡ ಭಯ ಬಿರುಕಿನದು. ನಾನು ಸುರಿದ ತಣ್ಣೀರು ನೆನಪಾಗಿ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ವಾಲ್ವುಗಳ ನಡುವಿನ ಕಿರಿದಾದ ಸೇತುವೆಯಂಥ ಜಾಗದಲ್ಲೇ ಬಿರುಕು ಹೆಚ್ಚು. ಬೀಡುಕಬ್ಬಿಣದ ಹೆಡ್ಡಾದರೆ ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಪತ್ತೆ ಹಚ್ಚಬಹುದು. ಪುಡಿ ಬಿರುಕಿನ ಗೆರೆಯಲ್ಲಿ ಸಾಲುಗಟ್ಟುತ್ತದೆ. ಅಲ್ಯೂಮಿನಿಯಂ ಮೇಲೆ ಆ ವಿದ್ಯೆ ನಡೆಯದು. ಅದಕ್ಕೆ ಕೆಂಪು ಬಣ್ಣದ ದ್ರವ ಬಳಿಯುತ್ತಾರೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ದ್ರವ ಬಿರುಕಿನೊಳಗೆ ಇಳಿಯುತ್ತದೆ. ಮೇಲ್ಮೈ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ.

ಒಳಗಿನ ನೀರಿನ ಕಾಲುವೆಗೆ ಬೇರೆ ಪರೀಕ್ಷೆ. ಕಾಲುವೆಯ ಬಾಯಿಗಳನ್ನು ರಬ್ಬರು ಮತ್ತು ಲೋಹದ ತಗಡುಗಳಿಂದ ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಉಪಾಯವೇ. ತಣ್ಣಗಿರುವಾಗ ಮುಚ್ಚಿಕೊಂಡ ಬಿರುಕು ಬಿಸಿಯಲ್ಲಿ ಬಾಯಿ ಬಿಡುತ್ತದೆ, ಅದಕ್ಕೇ ಬಿಸಿನೀರು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. "ನಿಮ್ಮ ಅದೃಷ್ಟ ಮೇಷ್ಟ್ರೇ" ಎಂದ ಆತ. ಬಿರುಕು ಬಿಟ್ಟಿದ್ದರೆ ಬೇರೆ ಹೆಡ್ಡು ಹುಡುಕಬೇಕಿತ್ತು.

ಸೀಮೆಎಣ್ಣೆಯ ತೀರ್ಪು

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ 1,500 ಸಲ, ಅಂದರೆ ಸೆಕೆಂಡಿಗೆ 25 ಸಲ, ತೆರೆದು ಮುಚ್ಚುತ್ತದೆ. ಹೊಗೆ ಬಿಡುವ ವಾಲ್ವು ಕೆಂಪಗೆ ಕಾಯುವಷ್ಟು ಬಿಸಿ. ಮುಚ್ಚಿದಾಗ ಸೀಟಿಗೆ ತಾಗಿಕೊಂಡು ತನ್ನ ಶಾಖದ ಬಹುಪಾಲನ್ನು ಹೆಡ್ಡಿಗೆ ದಾಟಿಸಿ ತಂಪಾಗುತ್ತದೆ. ಸರಿಯಾಗಿ ಕೂರದ ವಾಲ್ವು ಅನಿಲವನ್ನು ಸೋರಿಸುವುದಷ್ಟೇ ಅಲ್ಲ, ತಾನೂ ಸುಟ್ಟುಹೋಗುತ್ತದೆ.

ಆರು ವಾಲ್ವುಗಳನ್ನೂ ಬಿಚ್ಚಿ, ಯಾವುದು ಎಲ್ಲಿಯದೆಂದು ಗುರುತು ಹಾಕಿಟ್ಟ. ಕಾಂಡ ಸವೆದಿದೆಯೇ, ಗೈಡಿನಲ್ಲಿ ಅಲುಗಾಡುತ್ತದೆಯೇ ಎಂದು ಮೈಕ್ರೋಮೀಟರ್ ಮತ್ತು ಡಯಲ್ ಗೇಜಿನಿಂದ ನೋಡಿದ. ಸ್ಪ್ರಿಂಗುಗಳ ಉದ್ದ ಅಳೆದು, ಮೂಲೆಮಟ್ಟದ ಪಕ್ಕ ನಿಲ್ಲಿಸಿ ವಾಲಿವೆಯೇ ಎಂದು ಪರೀಕ್ಷಿಸಿದ. ಗಟ್ಟಿಯಾಗಿದ್ದ ರಬ್ಬರ್ ಸೀಲುಗಳನ್ನು ಎಸೆದ. ಎಣ್ಣೆ ಒಳಗಿಳಿದು ನೀಲಿ ಹೊಗೆ ಬರುವುದು ಇವು ಕೆಟ್ಟಾಗ. ನಡುವಿನ ಸಿಲಿಂಡರಿನ ಒಂದು ವಾಲ್ವು ಗುಳಿಬಿದ್ದಿತ್ತು, ಅದಕ್ಕೆ ಹೊಸತು ಬಂತು.

ಉಳಿದವನ್ನು ಸೀಟಿನ ಮೇಲಿಟ್ಟು, ನಡುವೆ ಕಾರ್ಬೊರಂಡಮ್ ಲೇಪ ಸವರಿ, ಕಡಗೋಲಿನಂತೆ ಅತ್ತಿತ್ತ ತಿರುಗಿಸಿ ಉಜ್ಜಿದ. ಸುತ್ತಲೂ ಮುರಿಯದ ಬೂದುಬಣ್ಣದ ಉಂಗುರ ಕಾಣುವವರೆಗೆ. ಲೇಪ ಪೂರ್ತಿ ತೊಳೆದು, ವಾಲ್ವು ಜೋಡಿಸಿ, ಪ್ಲಗ್ಗು ಹಾಕಿ, ಗುಂಡಿಗಳಿಗೆ ಸೀಮೆಎಣ್ಣೆ ತುಂಬಿ ಊಟಕ್ಕೆ ಹೋದ. ಬಂದು ನೋಡಿದಾಗ ಒಂದು ಹನಿಯೂ ಇಳಿದಿರಲಿಲ್ಲ. ನೀರಿಗಿಂತ ಸುಲಭವಾಗಿ ಸಂದಿಗಳಿಗೆ ನುಗ್ಗುವ ಸೀಮೆಎಣ್ಣೆಯೇ ಸೋತರೆ ಕೆಲಸ ಗೆದ್ದಂತೆ.

ಇದಕ್ಕೂ ಮುಂಚೆಯೇ ಬಾಗಿದ ಮೈಯನ್ನು ಯಂತ್ರದಲ್ಲಿ 0.2 ಮಿ.ಮೀ. ಹೆರೆಸಿ ತಂದಿದ್ದ. "ಇನ್ನಷ್ಟು ಹೆರೆಸಿದರೆ ಇನ್ನೂ ನುಣುಪಾಗುತ್ತಲ್ಲ?" ಎಂದೆ. ಆತ ನಕ್ಕ. ಹೆರೆದಷ್ಟೂ ಉರಿಯುವ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಎಂಜಿನ್ ಬಡಿಯತೊಡಗುತ್ತದೆ. ಮನೆಗೆ ಬಂದು ಲೆಕ್ಕ ಹಾಕಿದೆ. 68.5 ಮಿ.ಮೀ. ವ್ಯಾಸದ ಸಿಲಿಂಡರಿನ ಮೇಲೆ 0.2 ಮಿ.ಮೀ. ಎಂದರೆ ಸುಮಾರು 0.74 ಘನ ಸೆಂ.ಮೀ. ಕಡಿತ. ಆತ ಹೇಳಿದ್ದು ಸರಿ, ಬೇಕಾದಷ್ಟೇ ಹೆರೆಯಬೇಕು.

ಬಿಗಿಯುವುದರಲ್ಲೂ ವಿಜ್ಞಾನ

ಜೋಡಿಸುವ ಮುನ್ನ ಬೋಲ್ಟಿನ ಕುಳಿಗಳಿಂದ ನೀರು, ಎಣ್ಣೆಯನ್ನೆಲ್ಲ ಗಾಳಿಯಿಂದ ಊದಿ ತೆಗೆದ. ಏಕೆ ಗೊತ್ತೇ? ತಳಮುಚ್ಚಿದ ಕುಳಿಯಲ್ಲಿ ದ್ರವವಿದ್ದು ಬೋಲ್ಟ್ ಬಿಗಿದರೆ, ಕುಗ್ಗಲಾರದ ದ್ರವ ಎಲ್ಲ ದಿಕ್ಕಿಗೂ ಒತ್ತಿ ಬ್ಲಾಕನ್ನೇ ಸೀಳಬಲ್ಲದು. ಪಾಸ್ಕಲನ ನಿಯಮ! ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿದ. ಒಂದು ತುದಿಯಿಂದ ಶುರು ಮಾಡಿದರೆ ಹೊಸದಾಗಿ ಸಪಾಟಾದ ಹೆಡ್ಡು ಮತ್ತೆ ಸೊಟ್ಟಗಾದೀತು.

ಕಾರು ತೆಗೆದುಕೊಂಡು ಹೊರಡುವ ಆತುರ ನನಗೆ. "ನಿಲ್ಲಿ, ತಲೆಬಿಸಿ ಏಕಾಯಿತು ಅಂತ ನೋಡೋದು ಬೇಡವೇ?" ಎಂದು ಕೇಳಿದ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದ. 82 ಡಿಗ್ರಿಯ ಆಸುಪಾಸಿನಲ್ಲಿ ಒಳಗಿನ ಮೇಣ ಹಿಗ್ಗಿ ಬಾಗಿಲು ತೆರೆಯಬೇಕು. ನೀರು ಕುದಿದರೂ ನಮ್ಮದು ಅರ್ಧವೇ ತೆರೆಯಿತು. ರೇಡಿಯೇಟರಿನ ಕೊಳವೆಗಳ ತುಂಬ ಬಿಳಿ ಗಾರು. ಕೂಲೆಂಟ್ ದುಬಾರಿಯೆಂದು ವರ್ಷಗಟ್ಟಲೆ ನಾನೇ ತುಂಬಿದ ಬೋರ್‌ವೆಲ್ಲಿನ ಗಡಸುನೀರಿನ ಕೊಡುಗೆ ಅದು. ಗಡಸುನೀರು ಬಾಯ್ಲರಿನಲ್ಲಿ ಗಾರು ಕಟ್ಟುವುದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ!

ಓದುಗರಿಗೆ ನನ್ನ ಅನುಭವದ ಮಾತು: ಮುಳ್ಳು ಕೆಂಪು ಮುಟ್ಟಿದರೆ ಅಲ್ಲೇ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ಎಂದೂ ತೆಗೆಯಬೇಡಿ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ಮೀರಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆಯೇ ನೀರು ಹಾಕಿ.

ಆ ಮೆಕ್ಯಾನಿಕ್ ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ಆದರೆ ಅಳೆಯದೆ ಏನನ್ನೂ ಹೇಳಲಿಲ್ಲ, ಕಾರಣ ತಿಳಿಯದೆ ಕೆಲಸ ಮುಗಿಸಲಿಲ್ಲ. ವಿಜ್ಞಾನವೆಂದರೆ ಇದೇ ಅಲ್ಲವೇ? ಮುಂದಿನ ಸಲ ಮಗನನ್ನೋ ಮಗಳನ್ನೋ ಗ್ಯಾರೇಜಿಗೆ ಕಳಿಸುತ್ತೇನೆಂದು ಗದರಿಸುವ ಬದಲು, ಒಂದು ಭಾನುವಾರ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಪುಸ್ತಕದಲ್ಲಿ ಅರ್ಥವಾಗದ ಪಾಠ ಅಲ್ಲಿ ಅರ್ಥವಾದೀತು.